ವರದಿಯಲ್ಲಿ ಏನೂ ಬೆಳೆಯಲಿಲ್ಲ

ದೇಶದ ರಾಜಧಾನಿಯ ಮಯೂರ್ ವಿಹಾರದ ಆ ಮಾರುಕಟ್ಟೆಯಲ್ಲಿ ಜಯಾನಂದ ಶೆಟ್ಟರ ಎಡಗಾಲಿಗೆ ಔಷಧಿ ಹೇಳದವರು ಯಾರೂ ಉಳಿದಿರಲಿಲ್ಲ. ಸ್ಕೂಟರಿನಿಂದ ಬಿದ್ದು, ಮೊಣಕಾಲ ಕೆಳಗಿನ ಎಲುಬು ಮುರಿದು, ಅದರೊಳಗೆ ರಾಡು ಕೂತು ಎರಡು ವರ್ಷವಾಗಿತ್ತು. ಎಲುಬು ಕೂಡಿತು, ಮೇಲಿನ ಗಾಯ ಮಾತ್ರ ಕೂಡಲೊಲ್ಲದು. ಒಣಗುವುದು, ಹೊಳೆಯುವ ತೆಳು ಚರ್ಮ ಬರುವುದು, ಮನೆಯವರು ದೇವರಿಗೆ ಕೈಮುಗಿಯುವುದು, ಕೆಲವೇ ವಾರಗಳಲ್ಲಿ ಸಣ್ಣದೊಂದು ತೂತು ಬಿದ್ದು ಮತ್ತೆ ಕೀವು.

ಶೆಟ್ಟರ ಹೋಟೆಲಿಗೆ ಬರುವವರಲ್ಲಿ ನಿವೃತ್ತ ಅಧಿಕಾರಿಗಳೇ ಹೆಚ್ಚು. ನಿವೃತ್ತ ಅಧಿಕಾರಿಗೆ ತಿಳಿಯದ ರೋಗವಿಲ್ಲ. ಒಬ್ಬರು ಅರಸಿನ ಹೇಳಿದರು, ಒಬ್ಬರು ಬೇವು. ಮತ್ತೊಬ್ಬರು, ತಮ್ಮ ಹೆಂಡತಿಗೆ ಮೂತ್ರದ ಸೋಂಕಾದಾಗ ತಿಂದು ಉಳಿದಿದ್ದ ಅರ್ಧ ಪಟ್ಟಿ ಆ್ಯಂಟಿಬಯಾಟಿಕ್ಕನ್ನು ಇಡ್ಲಿ ತಿನ್ನಲು ಬಂದಾಗ ಮರೆಯದೆ ತಂದುಕೊಟ್ಟರು. ಪಕ್ಕದ ಔಷಧಿ ಅಂಗಡಿಯ ಗುಪ್ತಾಜಿಯದು ಮಾತ್ರ ವೈಜ್ಞಾನಿಕ ಮಾರ್ಗ: ಪ್ರತಿ ಸಲ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲಿನ ಮಾತ್ರೆ. “ಸ್ಟ್ರಾಂಗ್ ವಾಲಾ ಹೈ, ಶೆಟ್ಟಿಜಿ.” ಶೆಟ್ಟಿಜಿ ಅದನ್ನು ಕೀವು ನಿಲ್ಲುವ ತನಕ ತಿಂದು, ಉಳಿದದ್ದನ್ನು ಮುಂದಿನ ಸಲಕ್ಕೆಂದು ಎತ್ತಿಡುತ್ತಿದ್ದರು. ಹೋಟೆಲಿನವರು ಏನನ್ನೂ ಎಸೆಯುವುದಿಲ್ಲ.

ಕೊನೆಗೆ ಮಗಳು ಪ್ರಜ್ಞಾ ಅವರನ್ನು ದೊಡ್ಡ ಆಸ್ಪತ್ರೆಯೊಂದಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ಸೋಂಕುರೋಗಗಳ ತಜ್ಞೆ ಡಾ. ಧಾರಿಣಿ, ಮೈಸೂರಿನವರು. ಕನ್ನಡ ಕೇಳಿದ ಸಂತೋಷಕ್ಕೆ ಶೆಟ್ಟರು ಕಾಲಿನ ವಿಷಯ ಬಿಟ್ಟು ಊರು ವಿಚಾರಿಸಲು ಹೊರಟರು. ಡಾಕ್ಟರು ಬಿಡಲಿಲ್ಲ.

“ರಾಡಿನ ಮೇಲೆ ಬ್ಯಾಕ್ಟೀರಿಯಾ ಪದರ ಕಟ್ಕೊಂಡು ಕೂತಿದೆ. ಯಾವುದು ಅಂತ ಗೊತ್ತಾಗದೆ ನಾನು ಔಷಧಿ ಕೊಡಲ್ಲ. ಎಲುಬಿನ ಚೂರು ತೆಗೆದು ಲ್ಯಾಬಿನಲ್ಲಿ ಬೆಳೆಸಿ ನೋಡ್ಬೇಕು. ಅದಕ್ಕೆ ಮುಂಚೆ ಎರಡು ವಾರ ಒಂದೇ ಒಂದು ಆ್ಯಂಟಿಬಯಾಟಿಕ್ ಕೂಡ ಮುಟ್ಟಬಾರದು.”

“ಸಿಕ್ಕದಿದ್ರೆ, ಡಾಕ್ಟ್ರೇ?”

“ಎಲುಬು ಕೊಳೀತಾ ಹೋಗತ್ತೆ. ಆಮೇಲೆ ಸರ್ಜನ್ನು ಮೊಣಕಾಲ ಕೆಳಗೆ ಕತ್ತರಿಸೋ ಮಾತು ತೆಗೀತಾರೆ.”

ಆ ಮಾತಿನ ನಂತರ ಯಾರೇ ಆದರೂ ಡಾಕ್ಟರು ಹೇಳಿದಂತೆ ಕೇಳಬೇಕು. ಶೆಟ್ಟರೂ ಕೇಳುತ್ತಿದ್ದರೇನೋ. ಆದರೆ ಮೂವತ್ತು ವರ್ಷ ಹೋಟೆಲು ನಡೆಸಿದವರಿಗೆ ತಪಾಸಣೆ ಎಂದರೆ ಒಂದೇ ಅರ್ಥ. ಆಹಾರ ಇಲಾಖೆಯವರು ಬರುತ್ತಾರೆಂದು ಸುದ್ದಿ ಬಂದ ದಿನ ಅಡುಗೆಮನೆಯ ನೆಲ ಫಿನಾಯಿಲ್ ಕಾಣುತ್ತದೆ, ದೋಸೆ ಭಟ್ಟರ ತಲೆಗೆ ಟೋಪಿ ಏರುತ್ತದೆ, ಹಳೆಯ ಎಣ್ಣೆ ಹಿಂದಿನ ಬಾಗಿಲಿನಿಂದ ಹೊರಡುತ್ತದೆ. ಬಂದವರಿಗೆ ಏನೂ ಸಿಗದಿದ್ದರೆ ಅದು ಗೆಲುವು. ಪರೀಕ್ಷೆಯ ದಿನ ಹತ್ತಿರವಾದಂತೆ ಗಾಯ ಜಿನುಗತೊಡಗಿತು. ಹಾಗೆ ಸೋರುವ ಕಾಲನ್ನು ಪರವೂರಿನಲ್ಲಿ ಸಿಕ್ಕ ನಮ್ಮವರೇ ಆದ ಹೆಣ್ಣುಮಗಳ ಮುಂದೆ ಚಾಚುವುದು ಹೇಗೆ? ಶೆಟ್ಟರು ಎತ್ತಿಟ್ಟದ್ದರಲ್ಲಿ ಸ್ಟ್ರಾಂಗ್ ಆದದ್ದನ್ನು ಆರಿಸಿ, ಹೊತ್ತುಹೊತ್ತಿಗೆ ನುಂಗಿ, ಒಣಗಿದ ಕಾಲಿನೊಂದಿಗೆ ಆಸ್ಪತ್ರೆಗೆ ಹೋದರು.

ವರದಿ ಬಂತು: ಏನೂ ಬೆಳೆದಿಲ್ಲ. ಅಂದು ಹೋಟೆಲಿನಲ್ಲಿ ಎಲ್ಲರಿಗೂ ಕೇಸರಿಬಾತು. ಡಾಕ್ಟರಿಗೂ ಒಂದು ಡಬ್ಬಿ ಹೋಯಿತು.

ಡಾ. ಧಾರಿಣಿ ಡಬ್ಬಿಯನ್ನೂ ಕಾಲನ್ನೂ ನೋಡಿದರು. “ಮಾತ್ರೆ ತಗೊಂಡ್ರಾ?”

“ತಗೊಂಡದ್ದು ಅಂತ ಅಲ್ಲ...”

“ಪಪ್ಪಾ, ಸಚ್ ಬೋಲೋ ನಾ,” ಎಂದಳು ಪ್ರಜ್ಞಾ. “ಡಾಕ್ಟರ್, ಮೂರು ದಿನ ತಿಂದಿದಾರೆ. ಪಟ್ಟಿ ನಾನೇ ನೋಡಿದೆ, ಐ ಸಾ ಇಟ್.”

“ನೀ ಸುಮ್ನಿರು. ಅದಲ್ಲ ಡಾಕ್ಟ್ರೇ, ನಿಮ್ಮೆದುರು ಬರುವಾಗ ಸ್ವಲ್ಪ ನೀಟಾಗಿರ್ಲಿ ಅಂತ.”

“ಜಯಾನಂದರೇ, ನನಗೆ ಬೇಕಾಗಿದ್ದೇ ಆ ಗಲೀಜು. ಅದೀಗ ಒಳಗೆ ಅಡಗಿ ಕೂತಿದೆ. ಮತ್ತೆ ಎರಡು ವಾರ. ಈ ಸಲ ಎಲುಬು ಕೆರೆಯೋದು ಆಪರೇಷನ್ ಥಿಯೇಟರಿನಲ್ಲಿ. ಇನ್ನೊಂದು ಸಲ ಅವಕಾಶ ಸಿಗತ್ತೆ ಅಂತ ನಾನು ಮಾತು ಕೊಡಲ್ಲ.”

ಕೇಸರಿಬಾತು ನರ್ಸುಗಳ ಪಾಲಾಯಿತು.

ಈ ಸಲ ಕಾಲಿನ ಆಡಳಿತವನ್ನು ಹೆಂಡತಿ ಸ್ನೇಹಲತಾ ವಹಿಸಿಕೊಂಡರು. ಎತ್ತಿಟ್ಟದ್ದೆಲ್ಲ ಕಸಕ್ಕೆ ಹೋಯಿತು. ಗುಪ್ತಾಜಿಯ ಅಂಗಡಿಗೆ ಹೋಗಿ ಸ್ನೇಹಲತಾ ಆಡಿದ ಹಿಂದಿಯಲ್ಲಿ ವ್ಯಾಕರಣ ಕಡಿಮೆ, ಅರ್ಥ ಹೆಚ್ಚು: “ಭಯ್ಯಾ, ಇವರಿಗೆ ಒಂದು ಗೋಲಿ ಕೊಟ್ಟರೂ ನಾಳೆಯಿಂದ ನಿಮಗೆ ನಮ್ಮ ಫಿಲ್ಟರ್ ಕಾಫಿ ಬಂದ್.” ಗುಪ್ತಾಜಿ ವಿಜ್ಞಾನವನ್ನು ಕೈಬಿಟ್ಟರು.

ಶೆಟ್ಟರು ಹೋಟೆಲಿಗೆ ಹೋಗುವುದನ್ನು ನಿಲ್ಲಿಸಿದರು. ಗಾಯದ ವಾಸನೆಯ ನಡುವೆ ಸಾಂಬಾರು ಬಡಿಸುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಫ್ಲ್ಯಾಟಿನ ಬಾಲ್ಕನಿಯಲ್ಲಿ ಕಾಲು ಚಾಚಿ ಕೂತು, ಫೋನಿನಲ್ಲಿ ಚಟ್ನಿಯ ರುಚಿ ವಿಚಾರಿಸುತ್ತ, ಬ್ಯಾಂಡೇಜು ಒದ್ದೆಯಾದಾಗಲೆಲ್ಲ ಹೆಂಡತಿಯ ಕಡೆ ನೋಡುತ್ತಿದ್ದರು. ಹೆಂಡತಿ ಗಾಯದ ಬಟ್ಟೆ ಬದಲಿಸುತ್ತಿದ್ದರು, ಮುಖ ಬದಲಿಸುತ್ತಿರಲಿಲ್ಲ.

ಎರಡನೆಯ ವಾರ ಮುಗಿಯುವ ಮೊದಲೇ ಜ್ವರ ಬಂತು. ಮಧ್ಯಾಹ್ನದ ಹೊತ್ತಿಗೆ ಶೆಟ್ಟರು ನಡುಗುತ್ತಿದ್ದರು.

“ಒಂದೇ ಒಂದು ಕೊಡೇ ಮಾರಾಯ್ತಿ. ಯಾರಿಗೂ ಹೇಳುವುದಿಲ್ಲ.”

“ನಿಮ್ಮ ಬಾಯಿ ಹೇಳುವುದಿಲ್ಲ. ಲ್ಯಾಬು ಹೇಳ್ತದೆ.”

ಹಾಗೆಂದು ಅಡುಗೆಮನೆಗೆ ಹೋದ ಸ್ನೇಹಲತಾ ಫೋನು ಕೈಗೆತ್ತಿಕೊಂಡರು. ಗುಪ್ತಾಜಿಯ ಅಂಗಡಿಯ ನಂಬರು ಹುಡುಕಿದರು. ಕಾಲು ಮುಖ್ಯ, ಸರಿ; ಆದರೆ ಕಾಲಿನ ಮೇಲೊಬ್ಬ ಮನುಷ್ಯನೂ ಇದ್ದಾನಲ್ಲ. ನಂಬರು ಒತ್ತಿ, ಅತ್ತ ಗಂಟೆ ಕೇಳುವ ಮೊದಲೇ ಕಡಿದು, ಡಾ. ಧಾರಿಣಿಗೆ ಫೋನು ಮಾಡಿದರು.

“ಮಾತ್ರೆ ಕೊಡ್ಬೇಡಿ, ಕಾಯಲೂ ಬೇಡಿ,” ಎಂದರು ಡಾಕ್ಟರು. “ಈಗಲೇ ಕರ್ಕೊಂಡು ಬನ್ನಿ. ಇವತ್ತೇ ಎಲುಬಿನ ಚೂರು ತೆಗೀತೀವಿ. ತೆಗೆದ ಕೂಡಲೇ ಇಂಜೆಕ್ಷನ್ ಶುರು ಮಾಡ್ತೀವಿ.”

ಈ ಬಾರಿಯ ವರದಿಯಲ್ಲಿ ಬ್ಯಾಕ್ಟೀರಿಯಾ ಬೆಳೆದಿತ್ತು, ಅದೂ ಸಮೃದ್ಧವಾಗಿ. ಗುಪ್ತಾಜಿಯ ಮೆಟ್ಟಿಲುಗಳಲ್ಲಿ ಒಂದಕ್ಕೂ ಅದು ಬಗ್ಗುವಂಥದ್ದಲ್ಲ. ವರದಿಯ ಪಟ್ಟಿಯಲ್ಲಿದ್ದ ಒಂದು ಹಳೆಯ ಇಂಜೆಕ್ಷನ್ನಿಗೆ ಮಾತ್ರ ಬಗ್ಗುತ್ತಿತ್ತು. ಡಾಕ್ಟರು ಹಾಸಿಗೆಯ ಬಳಿ ನಿಂತು ಓದಿ ಹೇಳಿದಾಗ ಸ್ನೇಹಲತಾ ಕಣ್ಣೊರೆಸಿಕೊಂಡರು. ಕೊಳೆತ ಎಲುಬಿನಲ್ಲಿ ರೋಗಾಣು ಸಿಕ್ಕಿತೆಂದು ಹೀಗೆ ಸಂತೋಷಪಟ್ಟವರನ್ನು ಆ ವಾರ್ಡು ಬಹುಶಃ ಕಂಡಿರಲಿಲ್ಲ.

“ಹಾಗಾದ್ರೆ ಕಾಲು?”

“ರಾಡ್ ತೆಗೀಬೇಕು, ಸತ್ತ ಎಲುಬು ಕೆರೀಬೇಕು. ಆಮೇಲೆ ಆರು ವಾರ ಈ ಇಂಜೆಕ್ಷನ್, ಪೂರ್ತಿ. ಕೀವು ನಿಂತಿತು ಅಂತ ನಡುವೆ ನಿಲ್ಲಿಸೋ ಹಾಗಿಲ್ಲ. ಉಳಿಯತ್ತೆ ಅಂತ ನನಗನ್ನಿಸತ್ತೆ.”

ಅನ್ನಿಸುವುದು ಶೆಟ್ಟರಿಗೆ ಸಾಲಲಿಲ್ಲ. ಆಪರೇಷನ್ನಿನ ಬೆಳಿಗ್ಗೆ ಸರ್ಜನ್ನಿನ ಸಹಾಯಕನೊಬ್ಬ ಬಂದು, ನೇರಳೆ ಪೆನ್ನಿನಿಂದ ಅವರ ಎಡಗಾಲ ಮೇಲೆ ಬಾಣದ ಗುರುತೆಳೆದು ಏನೋ ಗೀಚಿ ಹೋದ. ಅವರು ಕತ್ತು ಚಾಚಿದರು, ಹೊಟ್ಟೆ ಅಡ್ಡ ಬಂತು.

“ಪ್ರಜ್ಞಾ, ಬಾಣ ಎಲ್ಲುಂಟು ನೋಡು. ಮೊಣಕಾಲ ಹತ್ರವಾ?”

“ನಹೀಂ ಪಪ್ಪಾ. ಕೆಳಗೆ, ಗಾಯದ ಹತ್ರ.”

“ಎಂತ ಬರ್ದಿದ್ದಾನೆ?”

“ಲೆಫ್ಟ್. ರಾಡ್ ರಿಮೂವಲ್.”

“ಮತ್ತೆ?”

“ಬಸ್. ಅಷ್ಟೇ.”

ಶೆಟ್ಟರು ಒಂದು ಕ್ಷಣ ಮಗಳ ಮುಖ ನೋಡಿದರು. ಆಮೇಲೆ ಗಂಟೆ ಒತ್ತಿ ನರ್ಸನ್ನು ಕರೆಸಿ, ಅವಳಿಂದಲೂ ಒಮ್ಮೆ ಓದಿಸಿದರು.