ದೀಪದ ಬಳೆ

ಲಾಂಡ್ರಿಯಲ್ಲಿ ಅವಳಿಗೆ ದೊರೆಸಾನಿ ಎಂದೇ ಹೆಸರು. ನಲವತ್ತು ದಾಟಿದರೂ ಓದುಬರಹ ಹತ್ತಿರಲಿಲ್ಲ, ಒಂದು ಮಾತು ತಲೆಗಿಳಿಯಲು ಹೊತ್ತು ಹಿಡಿಯುತ್ತಿತ್ತು. ಆದರೆ ಹೋಟೆಲಿನ ಹಾಸುಬಟ್ಟೆಯಲ್ಲಿ ಸಾಸಿವೆಕಾಳಿನಷ್ಟು ಕಲೆ ಉಳಿದಿದ್ದರೂ ಮಡಿಸದೆ ವಾಪಸ್ ಎಸೆಯುತ್ತಿದ್ದಳು. "ದೊರೆಸಾನಿ ಒಪ್ಪಿದ್ರೆ ದೇವರೂ ಒಪ್ಪಿದ ಹಾಗೆ," ಎಂದು ಒಗೆಯುವವರು ನಗುತ್ತಿದ್ದರು.

ಮನೆಯಲ್ಲಿ ಅವಳೂ ಹೊಲಿಗೆ ಕೆಲಸದ ತಂಗಿಯೂ ಇಬ್ಬರೇ. ಒಂದು ಸಂಜೆ ತಂಗಿ ಮಷಿನ್ ತುಳಿಯುತ್ತಿದ್ದಾಗ ದೊರೆಸಾನಿ ಬಲ್ಬನ್ನೇ ನೋಡುತ್ತಾ, "ದೀಪಕ್ಕೆ ಬಳೆ ತೊಡಿಸಿದಾರೆ, ಬಣ್ಣದ್ದು," ಎಂದಳು.

"ನಿನ್ನ ಕಣ್ಣಿಗೆ ಎಲ್ಲಾ ಚೆಂದಾನೇ ಬಿಡು," ಎಂದು ತಂಗಿ ನಕ್ಕಳು.

ಬೆಳಗಾಗುವಷ್ಟರಲ್ಲಿ ದೊರೆಸಾನಿ ವಾಂತಿ ಮಾಡಿಕೊಂಡು, ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದಳು. ಬಲಗಣ್ಣು ಕೆಂಡದಂತಾಗಿತ್ತು. ತಂಗಿ ಎದ್ದುಬಿದ್ದು ಅವಳನ್ನು ಆಸ್ಪತ್ರೆಗೆ ಕರೆದೊಯ್ದಳು.

ಡಾಕ್ಟರು ತಂಗಿಯ ಮುಖ ನೋಡಿಯೇ ಮಾತಾಡಿದರು. "ಹುಟ್ಟಿನಿಂದಲೂ ಹೀಗೇನಾ?"

"ಬುದ್ಧಿ ಸ್ವಲ್ಪ ನಿಧಾನ. ಆದ್ರೆ ತಲೆ ಚಚ್ಚಿಕೊಂಡಿದ್ದು ಇವತ್ತೇ. ಆ ಕಣ್ಣು ನೋಡಿ ಸಾರ್."

"ಉಜ್ಜಿಕೊಂಡಿರ್ತಾರೆ. ಇಂಥವರಲ್ಲಿ ಈ ಹಟ ಮಾಮೂಲು. ನಿದ್ದೆಗೆ ಮಾತ್ರೆ ಕೊಡ್ತೀನಿ."

ದೊರೆಸಾನಿ ಡಾಕ್ಟರ ತೋಳು ಹಿಡಿದು, "ನೋವು," ಎಂದಳು. ಅವರು ಮೆಲ್ಲಗೆ ಕೈ ಬಿಡಿಸಿಕೊಂಡು ಮುಂದಿನವರನ್ನು ಕರೆದರು. ಓದಿದವರ ಹತ್ತಿರ ವಾದವೇನು ಎಂದು ತಂಗಿ ಚೀಟಿ ತೆಗೆದುಕೊಂಡು ಅಕ್ಕನನ್ನು ಎಬ್ಬಿಸಿದಳು.

ಮಾತ್ರೆಯ ಮಂಪರಿನಲ್ಲಿ ಅವಳು ಕೆಲವು ದಿನ ಬಿದ್ದುಕೊಂಡೇ ಇದ್ದಳು. ಚಚ್ಚಿಕೊಳ್ಳುವುದು ನಿಂತಿತು. ವಾಸಿಯಾಯಿತೆಂದು ತಂಗಿ ಕೆಲಸಕ್ಕೆ ಕಳಿಸಿದರೆ, ಅಂದೇ ಲಾಂಡ್ರಿಯ ಒಡತಿ ಫೋನ್ ಮಾಡಿದಳು. "ಕಲೆ ಇರೋ ಬಟ್ಟೇನೂ ಮಡಿಸಿಡ್ತಿದಾಳೆ. ಇವಳಿಗೇನೋ ಆಗಿದೆ ಕಣಮ್ಮ."

ತಂಗಿ ಈ ಸಲ ಅವಳನ್ನು ಕಣ್ಣಾಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ಡಾಕ್ಟರಮ್ಮ ಮಾತ್ರ ದೊರೆಸಾನಿಯನ್ನೇ ಕೇಳಿದರು, "ಮೊದಲು ಏನು ಕಾಣ್ತಮ್ಮ ನಿನಗೆ?"

"ಬಳೆ. ದೀಪಕ್ಕೆ."

ಡಾಕ್ಟರಮ್ಮ ಕೈಯಲ್ಲಿದ್ದ ಟಾರ್ಚ್ ಕೆಳಗಿಟ್ಟರು. "ಕಣ್ಣೊಳಗೆ ಒತ್ತಡ ಏರಿದಾಗ ದೀಪದ ಸುತ್ತ ಹಾಗೇ ಬಣ್ಣದ ಬಳೆ ಕಾಣೋದು. ತಲೆ ಸಿಡಿಯೋ ಅಂಥ ನೋವು ಇರುತ್ತೆ, ವಾಂತಿನೂ ಆಗುತ್ತೆ. ಅವತ್ತೇ ಬಂದಿದ್ರೆ ಉಳಿಸಬಹುದಿತ್ತು. ಬಲಗಣ್ಣು ಹೋಗಿದೆ."

"ಅವತ್ತೇ ಆಸ್ಪತ್ರೆಗೆ ಹೋಗಿದ್ವಿ," ಎಂದಳು ತಂಗಿ.

ಎಡಗಣ್ಣಿಗೂ ಅದೇ ಗತಿ ಬರದಂತೆ ಲೇಸರ್ ಮಾಡಬೇಕಿತ್ತು. "ಇವರು ಅಲುಗಾಡದೆ ಕೂರ್ತಾರಾ?" ಎಂದು ನರ್ಸ್ ಅನುಮಾನಿಸಿದಳು. ಡಾಕ್ಟರಮ್ಮ ಯಂತ್ರವನ್ನು ಮುಟ್ಟಿಸಿ, ಸದ್ದು ಕೇಳಿಸಿ, ಮತ್ತೊಮ್ಮೆ ಹೇಳಿದರು. ದೊರೆಸಾನಿ ತಂಗಿಯ ಬೆರಳು ಹಿಡಿದು ಕಲ್ಲಿನಂತೆ ಕೂತಳು. ಆ ಕಣ್ಣು ಉಳಿಯಿತು.

ಕಲೆ ನೋಡುವ ಮೇಜಿಗೆ ಬೇರೊಬ್ಬಳು ಬಂದಳು. ದೊರೆಸಾನಿಗೆ ಮೂಲೆಯಲ್ಲಿ ಟವೆಲ್ ಸುತ್ತುವ ಕೆಲಸ. ಯಾರೂ ಅವಳನ್ನು ಏನೂ ಕೇಳುವುದಿಲ್ಲ. ಅವಳೂ ಯಾರಿಗೂ ಏನೂ ಎಸೆಯುವುದಿಲ್ಲ.

ಒಂದು ದಿನ ಬೀದಿಯಲ್ಲಿ ಬಲಗಡೆಯ ಕಂಬ ಕಾಣದೆ ಅವಳ ಭುಜ ಬಡಿಯಿತು. "ಪಾಪ, ಅವಳಿಗೆ ನೆಟ್ಟಗೆ ನಡೆಯೋಕೆ ಯಾವತ್ತು ಬಂದಿತ್ತು," ಎಂದಳು ನೆರೆಮನೆಯಾಕೆ.

"ಬರ್ತಿತ್ತು," ಎಂದಳು ತಂಗಿ. ಆಕೆ ಆಗಲೇ ಮುಂದೆ ಹೋಗಿದ್ದಳು. ತಂಗಿ ಅಕ್ಕನ ಬಲಬದಿಗೆ ಬಂದು ತೋಳು ಹಿಡಿದುಕೊಂಡಳು.