ಸೊಲ್ಲು ಹಿಡಿಯುವವಳು

ಒಣಗ್ತಾ ಬಂತಲ್ಲ, ಮಗಳು ರಾಧಾಮಣಿಯ ಕೆನ್ನೆ ಮೇಲಿನ ಅರಿಶಿಣ ಬಿರುಕು ಬಿಡ್ತಾ ಬಂತಲ್ಲ, ಅಂದುಕೊಳ್ಳುತ್ತಲೇ ಈಶ್ವರಮ್ಮ ಮತ್ತೆ ಅದೇ ಸಾಲು ಎತ್ತಿದಳು, ಅರಿಶಿಣ ಒಣಗೀತು ಬಾರಮ್ಮ — ಎತ್ತಿ ನಿಲ್ಲಿಸಿದಳು, ಸೋಬಾನೆ ಪದ ಅಂದರೆ ಹಂಗೇ, ಒಬ್ಬಳು ಎತ್ತಬೇಕು, ಇನ್ನೊಬ್ಬಳು ಆ ಸೊಲ್ಲು ಹಿಡಿದು ತಿರುಗಿ ಹಾಡಬೇಕು, ಅಲ್ಲೀವರೆಗೂ ಮುಂದಿನ ಸಾಲಿಗೆ ಹೋಗೋ ಹಂಗಿಲ್ಲ, ಕೊಡಿಗೇನಹಳ್ಳಿಯ ಯಾವ ಚಪ್ಪರದಡಿ ಗೆಳತಿ ಪೆದ್ದಮ್ಮ ತನ್ನ ಸೊಲ್ಲು ಹಿಡಿದಿಲ್ಲ, ತೆಲುಗು ಮಾತಿನ ಪಾವಗಡದ ಕಡೆಯಿಂದ ಈ ಊರಿಗೆ ಸೊಸೆಯಾಗಿ ಬಂದವಳು, ಕನ್ನಡ ನೆಟ್ಟಗೆ ಬಾರದ ಕಾಲಕ್ಕೇ, ಏಮಕ್ಕಾ, ನೀನು ಎತ್ತು, ನಾನಿಲ್ವಾ ಅಂದವಳು, ಈಗ ಚಪ್ಪರದ ಕಂಬಕ್ಕೆ ಬೆನ್ನು ಕೊಟ್ಟು ಯಾರದೋ ಮನೆ ಮದುವೆಗೆ ಬಂದವಳ ಹಂಗೆ ಕೂತಿದಾಳೆ, ಆದರೂ ಬಂದಳಲ್ಲ, ಬಾರದೇ ಇರಬಹುದಿತ್ತಲ್ಲ, ಅವಳ ಮಗ ಭೀಮರಾಜುಗೆ ರಾಧಾಮಣಿಯನ್ನ ಕೇಳಿದಳು, ಹುಡುಗಿ ಒಲ್ಲೆ ಅಂತು, ತಾನೇನು ಮಾಡಬೇಕಿತ್ತು, ನಿನ್ ಮಗಳಿಗೆ ನನ್ ಮಗ ಸಾಲದೇ ಹೋದ್ನಾ ಅಂತ ಸೆರಗು ಕೊಡವಿ ಎದ್ದು ಹೋದವಳು, ಅವತ್ತಿಂದ ನಲ್ಲಿ ಹತ್ರ ಎದುರಾದರೂ ಬಿಂದಿಗೆ ಕಡೆ ನೋಡ್ತಾಳೆ, ಮಾತಾಡಿಸೋಣ ಅಂದರೆ ಮಾತಿಗೆ ಅವಳು ಏನು ಉತ್ತರ ಕೊಡ್ತಾಳೋ, ಇಲ್ಲ ಅಂದುಬುಟ್ಟರೆ ಮುಗಿದೇ ಹೋಯ್ತು, ಪದಕ್ಕಾದರೆ ಇರೋದು ಒಂದೇ ಉತ್ತರ.

ಅರಿಶಿಣ ಒಣಗೀತು ಬಾರಮ್ಮ — ಹಚ್ಚೋರನ್ನ ಕರೆಯೋ ಸಾಲು, ಮೊದಲನೇ ಸಲ ಅದು ಮಗಳ ಅರಿಶಿಣವೇ ಆಗಿತ್ತು, ಈಗಲ್ಲ, ಹಾಡಿದಂಗೆಲ್ಲ ಅರಿಶಿಣ ಹಿಂದಕ್ಕೆ ಸರಿದು ಬಾರಮ್ಮ ಅನ್ನೋದೊಂದೇ ಉಳೀತಾ ಇದೆ, ಇದು ಇವರಿಗೆಲ್ಲ ಕೇಳಿಸ್ತಿದೆಯಾ, ನಾಚಿಕೆ, ನಾದಿನಿ ವೇದಾವತಿ ಕಿಸಕ್ಕಂದಳು, ಏನತ್ತಿಗೆ, ಟೇಪು ಸಿಕ್ಕಾಕ್ಕೊಂತಾ, ಮದುಮಗಳಿಗೆ ಕೆನ್ನೆ ಅಲ್ಲಾಡ್ಸಕ್ಕೂ ಆಯ್ತಿಲ್ಲ ನೋಡು, ನಾನೇ ಸೊಲ್ಲು ಹಿಡೀಲಾ? ಬ್ಯಾಡ ಬುಡು. ತಮ್ಮ ಮುತ್ತುರಾಜ ಬಗ್ಗಿ ಕಿವೀಲಿ, ಅಕ್ಕಾ, ಡಿಜೆಯವನು ಕಾಯ್ತಾವ್ನೆ, ಹಾಕ್ಸುಬುಡ್ಲಾ? ಇರ್ಲಾ, ಇದೊಂದ್ಸಲ. ಆಗ್ಲೂ ಇಂಗೇ ಅಂದೆ ಕಣಕ್ಕ — ಕೈ ಎತ್ತಿ ಸನ್ನೆ ಮಾಡೇಬಿಟ್ಟ, ಧಡ್ ಅಂತ ಬಾಕ್ಸು ಬಡಿಯಿತು, ಚಪ್ಪರದ ಗರಿ ಅದುರಿತು, ಹೆಂಗಸರು ಕಿವಿ ಮುಚ್ಚಿಕೊಂಡು ನಗ್ತಾ ಎದ್ದರು, ತನ್ನ ದನಿ ತನಗೇ ಕೇಳದು, ಬಾಯಿ ಮಾತ್ರ ನಿಲ್ಲದು, ಅರಿಶಿಣ ಒಣಗೀತು ಬಾರಮ್ಮ — ಅಲ್ಲಿ, ಸೊಲ್ಲು ಬೀಳಬೇಕಾದ ಜಾಗಕ್ಕೆ ಸರಿಯಾಗಿ, ಪೆದ್ದಮ್ಮನ ಬಾಯಿ ತೆರೀತು, ಮುಚ್ಚಿತು, ಹಾಡಿದಳಾ, ಎಲೆಅಡಿಕೆ ಜಗಿದಳಾ, ನಿಲ್ಸೋ ಮುತ್ತುರಾಜ, ನಿಲ್ಸೋ ಅಂದರೆ ಅವನಿಗೂ ಕೇಳದು, ಎದ್ದು ಹೋಗಿ ಕೇಳೋಣವೆಂದರೆ, ಬರೀ ಜಗಿದಿದ್ದಾದರೆ, ಬೇಡ, ಇಲ್ಲಿಂದಲೇ, ಇನ್ನೊಂದ್ಸಲ, ಬಾರಮ್ಮ — ತೆರೀತು, ಒಳಗೆಲ್ಲ ಕೆಂಪು, ಮುಚ್ಚಿತು, ಬಾರಮ್ಮ — ತೆರೀತು, ಆ ಕೆಂಪು ಬಾಯಿ, ಬಾರಮ್ಮ — ಆ ಕೆಂಪು ಬಾಯಿ