ಅಶ್ವಥ್ ಹೇಳದ ಸುಳ್ಳು

ಎರಡು ಸಾವಿರದ ನಾಲ್ಕನೆಯ ಇಸವಿಯ ಏಪ್ರಿಲ್. ಅಮೆರಿಕದ ಗ್ಲೆಂಡೇಲ್ ಹೈಟ್ಸ್‌ನ ಅಶ್ವಥ್ ಮನೆಯ ಊಟದ ಮೇಜಿನ ಮೇಲೆ ಒಂದು ವಾರದಿಂದ ತಟ್ಟೆ ಇಡಲು ಜಾಗವಿರಲಿಲ್ಲ. ಹನ್ನೆರಡು ವರ್ಷದ ದೇವ್ ಸ್ಕೂಲ್ ಪ್ರಾಜೆಕ್ಟ್ ಹರಡಿಕೊಂಡಿದ್ದ. ವಿಷಯ, ಪ್ರಾಚೀನ ಗ್ರೀಸಿನ ಹಬ್ಬಗಳು.

"ಅಥೆನ್ಸಿನಲ್ಲಿ ಅಪಟೂರಿಯಾ ಅಂತ ಹಬ್ಬ, ಅಜ್ಜಿ. ಮೂರನೇ ದಿನ ದೊಡ್ಡ ಹುಡುಗರು ಕೂದಲು ಕತ್ತರಿಸಿ ದೇವರಿಗೆ ಕೊಡ್ತಿದ್ರು. ಅಪ್ಪ ಕುಲದವರ ಮುಂದೆ ನಿಂತು, ಇವನು ನನ್ನ ಮಗ, ಈ ಊರಿನ ಹೆಂಗಸಿಗೇ ಹುಟ್ಟಿದವನು ಅಂತ ಆಣೆ ಮಾಡಬೇಕಿತ್ತು. ಆಮೇಲೇ ಲಿಸ್ಟಲ್ಲಿ ಹೆಸರು."

"ನಮ್ಮ ಮುಂಜಿ ಇದ್ದ ಹಾಗೇ ಇದೆಯಲ್ಲೋ!" ಎಂದು ಅಶ್ವಥ್‌ನ ತಾಯಿ ನೀಲಮ್ಮ ನಕ್ಕರು. ಮೊಮ್ಮಗನ ಮುಂಜಿಗೆಂದೇ ಅವರು ಮೈಸೂರಿನಿಂದ ಬಂದಿದ್ದರು. ಮೇ ತಿಂಗಳಲ್ಲಿ ಶಾಮ್‌ಬರ್ಗ್‌ನ ಹಾಲ್ ಒಂದರಲ್ಲಿ ಒಂಬತ್ತು ಹುಡುಗರಿಗೆ ಸಾಮೂಹಿಕ ಉಪನಯನ. ಗೋತ್ರ, ಹೆಸರು ಹೇಳಿ ನಮಸ್ಕರಿಸುವುದನ್ನು ಅಜ್ಜಿ ದಿನಾ ಕಲಿಸುತ್ತಿದ್ದರು. ಹುಡುಗ ಶ್ರದ್ಧೆಯಿಂದ ಒಪ್ಪಿಸುತ್ತಿದ್ದ.

ದೇವ್ ಧಾರವಾಡದ ಅನಾಥಾಲಯದಿಂದ ಬಂದ ಮಗು. ಒಂದೂವರೆ ವರ್ಷದವನಿದ್ದಾಗ ಅಶ್ವಥ್ ಮತ್ತು ಅವನ ಹೆಂಡತಿ ಕೌಸಲ್ಯಾ ದತ್ತು ತೆಗೆದುಕೊಂಡಿದ್ದರು. ಅವನಿಂದ ಅದನ್ನು ಎಂದೂ ಮುಚ್ಚಿಟ್ಟಿರಲಿಲ್ಲ.

ಮುಂದಿನ ಭಾನುವಾರ ಕೇಶವ್ ಅಂಕಲ್ ಬಂದರು. ಮೂವತ್ತು ವರ್ಷದಿಂದ ಇಲ್ಲಿನ ಮಕ್ಕಳಿಗೆ ಶ್ಲೋಕ ಹೇಳಿಕೊಟ್ಟವರು, ಈ ಉಪನಯನದ ಹಿರಿಯರು. ಕಾಫಿ ಕುಡಿದು, ಕಪ್ಪು ಕೆಳಗಿಟ್ಟು ಮೆಲ್ಲಗೆ ಮಾತು ತೆಗೆದರು.

"ನೋಡಪ್ಪ ಅಶ್ವಥ್, ಹುಡುಗ ಚಿನ್ನದಂಥವನು. ಆದರೆ ಹುಟ್ಟು ಗೊತ್ತಿಲ್ಲ. ಅವನ ಪಕ್ಕದಲ್ಲಿ ತಮ್ಮ ಮಕ್ಕಳನ್ನ ಕೂರಿಸೋಕೆ ಕೆಲವರು ಹಿಂದೆಮುಂದೆ ನೋಡ್ತಿದ್ದಾರೆ."

ಕೌಸಲ್ಯಾ ಸುಮ್ಮನಿರಲಿಲ್ಲ. "ದತ್ತು ಹೋಮ ಮಾಡಿಸಿದೀವಿ, ಅಂಕಲ್. ಆವತ್ತಿಂದ ನಮ್ಮ ಗೋತ್ರವೇ ಅವನ ಗೋತ್ರ. ಶಾಸ್ತ್ರವೇ ಒಪ್ಪಿದ್ದನ್ನ ನೀವು ಯಾಕೆ ಒಪ್ಪಲ್ಲ?"

"ಶಾಸ್ತ್ರ ನನಗೂ ಗೊತ್ತಮ್ಮ. ಜನ ಒಪ್ಪಬೇಕಲ್ಲ? ಒಂದು ದಾರಿ ಇದೆ. ದಾಯಾದಿಗಳ ಮಗು, ತಂದೆತಾಯಿ ತೀರಿಕೊಂಡರು ಅಂತ ಹೇಳಿಬಿಡಿ. ಒಂದೇ ಒಂದು ಮಾತು."

"ಹೇಳಿಬಿಡೋ," ಎಂದರು ನೀಲಮ್ಮ. "ಮಗುವಿಗೆ ಒಳ್ಳೇದಾಗತ್ತೆ ಅಂದ್ರೆ ಸುಳ್ಳೇನು ದೊಡ್ಡದು?"

ಯಾರಿಗೂ ಎದುರಾಡಿ ಗೊತ್ತಿಲ್ಲದ ಅಶ್ವಥ್ ಅರೆಮನಸ್ಸಿನಿಂದ ತಲೆಯಾಡಿಸಿದ. ಮೆಟ್ಟಿಲ ಮೇಲೆ ಕೂತಿದ್ದ ದೇವ್‌ಗೆ ಎಲ್ಲವೂ ಕೇಳಿಸಿತ್ತು.

ಮರುದಿನದಿಂದ ಅವನು ಅಜ್ಜಿಯ ಮುಂದೆ ಕೂರಲಿಲ್ಲ. ಪ್ರಾಜೆಕ್ಟನ್ನು ಮಡಚಿಟ್ಟ. ಎಬ್ಬಿಸಲು ಹೋದ ತಾಯಿಯನ್ನು ಇಂಗ್ಲಿಷಿನಲ್ಲಿ ಕೇಳಿದ: "ಯಾರೂ ಆಣೆ ಮಾಡದ ಹುಡುಗರು ಏನಾಗ್ತಿದ್ರು ಅಮ್ಮ?"

ಕೌಸಲ್ಯಾ ಮಗನಿಗೆ ಸುಳ್ಳು ಹೇಳುವವಳಲ್ಲ. "ಪಟ್ಟಿಯ ಹೊರಗೇ ಉಳಿದುಬಿಡ್ತಿದ್ರು."

"ನಾನು ನಾನಾಗಿದ್ರೆ ಹೊರಗೆ. ಬೇರೆಯವರ ಮಗ ಆದ್ರೆ ಒಳಗೆ. ಅಲ್ವಾ?"

ಬಾಗಿಲ ಹೊರಗಿದ್ದ ಅಶ್ವಥ್ ಒಳಗೆ ಬರಲಾರದೆ ಹಿಂತಿರುಗಿದ. ಆ ವಾರವೆಲ್ಲ ಕೆಲಸಕ್ಕೆಂದು ಎಲ್ಕ್ ಗ್ರೋವ್‌ನ ಫ್ಯಾಕ್ಟರಿಗೆ ಡ್ರೈವ್ ಮಾಡುವಾಗ ಅವನ ಕಿವಿಯಲ್ಲಿ ಅದೇ ಪ್ರಶ್ನೆ.

ಉಪನಯನದ ದಿನ ಒಂಬತ್ತು ಮಣೆಗಳ ಮೇಲೆ ಒಂಬತ್ತು ಹುಡುಗರು. ಮಗನನ್ನು ಪರಿಚಯಿಸಲೆಂದು ಕೇಶವ್ ಅಂಕಲ್ ಒಬ್ಬೊಬ್ಬ ತಂದೆಗೂ ಮೈಕ್ ಕೊಡುತ್ತ ಬಂದರು. ಅಶ್ವಥ್‌ನ ಸರದಿ ಬಂದಾಗ ಅವನು ಮೈಕ್ ಹಿಡಿದು ಎದ್ದು ನಿಂತ.

"ಇವನು ದೇವ್. ದಾಯಾದಿಗಳ ಮಗ ಅಂತ ಹೇಳಿ ಅಂದ್ರು. ಅದು ಸುಳ್ಳು. ಇವನನ್ನ ಹೆತ್ತವಳು ಯಾರೋ ನನಗೆ ಗೊತ್ತಿಲ್ಲ. ಆ ತಾಯಿಗೆ ನಮಸ್ಕಾರ. ಇವನು ನನ್ನ ಮಗ. ಇದಕ್ಕಿಂತ ಹೆಚ್ಚು ಹೇಳೋದಿಲ್ಲ."

ಕೇಶವ್ ಅಂಕಲ್ ಬಗ್ಗಿ ಪಿಸುಗುಟ್ಟಿದರು: "ಹಾಗಾದ್ರೆ ಅವನನ್ನ ಮಣೆಯಿಂದ ಏಳಿಸಬೇಕಾಗತ್ತೆ."

"ಏಳು ಕಂದ," ಎಂದ ಅಶ್ವಥ್. "ತಲೆ ಎತ್ತಿಕೊಂಡು ಬಾ."

ದೇವ್ ಎದ್ದು ಅಪ್ಪನ ಕೈ ಹಿಡಿದ. ಕೇಶವ್ ಅಂಕಲ್ ನೀಲಮ್ಮನ ಕಡೆ ತಿರುಗಿದರು. "ನೀವಾದ್ರೂ ಬುದ್ಧಿ ಹೇಳಿ."

ನೀಲಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. "ಸುಳ್ಳು ಹೇಳು ಅಂತ ನಾನೇ ಅಂದಿದ್ದೆ, ತಪ್ಪು ನನ್ನದು. ನನ್ನ ಮಗ ಹುಟ್ಟಿದಾಗಿಂದ ಗಟ್ಟಿಯಾಗಿ ಮಾತಾಡಿದವನಲ್ಲ. ಇವತ್ತು ಆಡಿದ. ಅವನನ್ನ ಹೆತ್ತಿದ್ದು ಸಾರ್ಥಕ."

ನಾಲ್ವರೂ ಬಾಗಿಲ ಹತ್ತಿರ ಬರುವಷ್ಟರಲ್ಲಿ ಹಿಂದೆ ಇನ್ನೊಂದು ಮಣೆ ಸರಿದ ಸದ್ದಾಯಿತು. ಆ ಹುಡುಗರಲ್ಲೊಬ್ಬನ ತಂದೆ ಉಪೇಂದ್ರ ತನ್ನ ಮಗ ಸತ್ಯನನ್ನು ಎಬ್ಬಿಸಿಕೊಂಡು ಬರುತ್ತಿದ್ದ. "ನಮ್ಮವನೂ ದೇವ್ ಜೊತೆಗೇ ಕೂರಲಿ," ಎಂದ.

ಮೂರು ವಾರದ ನಂತರ ಅಶ್ವಥ್ ಮನೆಯ ಹಿತ್ತಲಿನಲ್ಲಿ ಇಬ್ಬರಿಗೂ ಮುಂಜಿ ನಡೆಯಿತು. ಮಿಲ್ವಾಕಿಯಿಂದ ಬಂದ ಪುರೋಹಿತರು ಹುಟ್ಟಿನ ಮಾತೇ ಎತ್ತಲಿಲ್ಲ. ಕೇಶವ್ ಅಂಕಲ್ ಬರಲಿಲ್ಲ. ಅವರ ಹೆಂಡತಿ ಮಾತ್ರ ತಾವೇ ಕಾರ್ ಓಡಿಸಿಕೊಂಡು ಬಂದರು. ಊಟ ಮುಗಿಸಿ ಹೊರಡುವಾಗ ಕೌಸಲ್ಯಾಳ ಕೈ ಹಿಡಿದುಕೊಂಡರು.

"ಡೆಟ್ರಾಯಿಟ್‌ನಲ್ಲಿ ನನ್ನ ತಂಗಿ ಮಗಳು ಒಂದು ಮಗೂನ ದತ್ತು ತಗೋತೀನಿ ಅಂತಿದ್ಲು. ಜನ ಏನಂತಾರೋ ಅಂತ ನಾನೇ ಬೇಡ ಅಂದಿದ್ದೆ," ಎಂದರು. "ನಿಮ್ಮ ಫೋನ್ ಸ್ವಲ್ಪ ಕೊಡ್ತೀಯಾಮ್ಮ? ಮನೆಗೆ ಹೋಗೋವರೆಗೂ ಕಾಯೋದು ಬೇಡ."